ಇಪ್ಪತ್ನಾಲ್ಕು ಮಳೆಮಾಪಕ, ಒಂದೇ ರಿಸೀವರ್: ಆಗುಂಬೆ ಸೀಮೆಯ ರೇಡಿಯೋ ಜಾಲವನ್ನು ಕೋಡ್‌ನಲ್ಲಿ ಓಡಿಸಿ ನೋಡುವುದು

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ಹಾದಿಯಲ್ಲಿ ಒಂದು ಕಣಿವೆಯಲ್ಲಿ ಜಡಿಮಳೆ ಹೊಡೆಯುತ್ತಿದ್ದರೆ, ಗುಡ್ಡ ದಾಟಿದ ಮೇಲೆ ಹೊಳವು ಇರುತ್ತದೆ. ಅಡಿಕೆ ಬೆಳೆಗಾರರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ (100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ) ಹೊಡೆಯಬೇಕಾದರೆ ಹೊಳವೇ ಬೇಕು. ಗೊನೆಗೆ ಹಿಡಿಯುವ ಮೊದಲೇ ಮಳೆ ಬಂದರೆ ಔಷಧಿಯೂ ಹೋಯಿತು, ಕೊನೆಗಾರರ ಕೂಲಿಯೂ ಹೋಯಿತು. ಹೋಬಳಿಗೊಂದು ಮಳೆಯ ಅಂಕಿ ಇದ್ದರೆ ಸಾಲದು. ಯಾವ ತೋಟದಲ್ಲಿ ಈಗ ಎಷ್ಟು ಬೀಳುತ್ತಿದೆ ಎಂಬುದು ಬೇಕು.

ಇಲ್ಲಿ ಎತ್ತಿಕೊಂಡಿರುವ ಪ್ರಕರಣ ಇಷ್ಟು: ಆಗುಂಬೆ ಹೋಬಳಿಯಂಥ ನೆಲದಲ್ಲಿ 24 ಮಳೆಮಾಪಕ ಕೇಂದ್ರಗಳು, ಬೋಳುಗುಡ್ಡದ ತಲೆಯ ಮೇಲೆ ಒಂದು ರಿಸೀವರ್. ಕೇಂದ್ರಗಳು ರಿಸೀವರಿನಿಂದ 1 ಕಿ.ಮೀ.ನಿಂದ 8 ಕಿ.ಮೀ. ದೂರದೊಳಗೆ ಇವೆ. ಪ್ರತಿ ಕೇಂದ್ರದಲ್ಲಿ ಟಿಪ್ಪಿಂಗ್ ಬಕೆಟ್ ಮಾಪಕ ಇದೆ. 0.2 ಮಿ.ಮೀ. ಮಳೆ ತುಂಬಿದಾಗ ಒಳಗಿನ ಪುಟ್ಟ ಬಟ್ಟಲು ಮಗುಚುತ್ತದೆ, ಅದೇ ಒಂದು ಟಿಪ್. ರೇಡಿಯೋ ಲೋರಾ (ಕಡಿಮೆ ಬಲದಲ್ಲಿ ಪುಟ್ಟ ಸಂದೇಶವನ್ನು ದೂರ ಕಳಿಸುವ ಬಗೆ), ಒಂದೇ ಚಾನೆಲ್, 125 ಕಿಲೋಹರ್ಟ್ಸ್ ಅಗಲ. ನಮ್ಮ ದೇಶದಲ್ಲಿ 865–868 ಮೆಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಡ, 1 ವ್ಯಾಟ್ ತನಕ ಕಳಿಸಬಹುದು. ಇಲ್ಲಿ ಬ್ಯಾಟರಿ ಉಳಿಸಲು 14 ಡಿಬಿಎಂ, ಅಂದರೆ ಸುಮಾರು 25 ಮಿಲಿವ್ಯಾಟ್ ಸಾಕೆಂದು ಇಟ್ಟುಕೊಂಡಿದೆ. ಕಂಬ ನೆಟ್ಟು ಪೆಟ್ಟಿಗೆ ಕಟ್ಟುವ ಮೊದಲು ಈ ಜಾಲ ಮಳೆಗಾಲದಲ್ಲಿ ನಿಲ್ಲುತ್ತದೆಯೇ ಎಂದು ಕೋಡ್‌ನಲ್ಲಿ ನೋಡಬೇಕು. ಕೆಳಗಿನ ಅಂಕಿಗಳೆಲ್ಲ ಸೂತ್ರದಿಂದ ಬಂದವು. ಕಾಗದದ ಮೇಲೂ ಹಾಕಿ ನೋಡಬಹುದು, ನೋಡಲೇಬೇಕು. ಸಿಮ್ಯುಲೇಶನ್ ಕೊಟ್ಟ ಉತ್ತರ ಕಾಗದದ ಲೆಕ್ಕದ ಹತ್ತಿರ ಬರದಿದ್ದರೆ ತಪ್ಪು ಕೋಡ್‌ನಲ್ಲಿದೆ.

ಒಂದು ಫ್ರೇಮ್ ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ

ಒಂದು ಸಲಕ್ಕೆ ಕಳಿಸುವ ರೇಡಿಯೋ ಸಂದೇಶವೇ ಒಂದು ಫ್ರೇಮ್. ಎಲ್ಲದಕ್ಕೂ ಮೊದಲು ಈ ಸಂಖ್ಯೆ ಬೇಕು. ಲೋರಾದಲ್ಲಿ ಒಂದು ಸಂಕೇತದ ಅವಧಿ ಎಂದರೆ 2ರ ಘಾತ ಎಸ್‌ಎಫ್ ಭಾಗಿಸು ಬ್ಯಾಂಡ್‌ವಿಡ್ತ್, ಅಂದರೆ ಚಾನೆಲ್‌ನ ಅಗಲ. ಎಸ್‌ಎಫ್ ಎಂದರೆ ಸ್ಪ್ರೆಡಿಂಗ್ ಫ್ಯಾಕ್ಟರ್; ಅದು ಹೆಚ್ಚಿದಷ್ಟೂ ಸಂಕೇತ ಉದ್ದವಾಗುತ್ತದೆ, ಕ್ಷೀಣ ಸಿಗ್ನಲ್ ಕೂಡ ಕೇಳಿಸುತ್ತದೆ. ಅದು 10 ಇದ್ದರೆ 1024 ÷ 1,25,000, ಅಂದರೆ 8.192 ಮಿಲಿಸೆಕೆಂಡ್. ಮುನ್ನುಡಿಗೆ, ಅಂದರೆ ಪ್ರಿಯಾಂಬಲ್‌ಗೆ, 12.25 ಸಂಕೇತ. 20 ಬೈಟ್ ಮಾಹಿತಿಗೆ, ಹೆಡರ್ ಮತ್ತು ಸಿಆರ್‌ಸಿ (ತಪ್ಪು ಪತ್ತೆಹಚ್ಚುವ ಬಿಟ್‌ಗಳು) ಸೇರಿಸಿ, 4/5 ಕೋಡಿಂಗ್ ದರದಲ್ಲಿ (4 ಬಿಟ್‌ಗೆ 1 ಹೆಚ್ಚುವರಿ) 33 ಸಂಕೇತ. ಒಟ್ಟು 45.25 ಸಂಕೇತ, 370.688 ಮಿಲಿಸೆಕೆಂಡ್. ಅದೇ 20 ಬೈಟ್ ಎಸ್‌ಎಫ್7ರಲ್ಲಿ 56.6 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ; ಎಸ್‌ಎಫ್12ರಲ್ಲಿ 1,318.9 ಮಿಲಿಸೆಕೆಂಡ್ ಹಿಡಿಯುತ್ತದೆ.

ಈ ಸೂತ್ರದಲ್ಲಿ ಮೆಟ್ಟಿಲುಗಳಿವೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಎಸ್‌ಎಫ್10ರಲ್ಲಿ ಮಾಹಿತಿಯ ಬಿಟ್‌ಗಳನ್ನು 40ರ ಕಂತೆಗಳಾಗಿ ಕಟ್ಟಿ, ಅರ್ಧ ತುಂಬಿದ ಕಂತೆಯನ್ನೂ ಪೂರ್ತಿ ಕಂತೆಯೆಂದೇ ಎಣಿಸುತ್ತಾರೆ. 20 ಬೈಟಿಗೆ 4.1 ಕಂತೆ ಬರುತ್ತದೆ, ಐದೆಂದು ಲೆಕ್ಕ. 19 ಬೈಟಿಗೆ 3.9 ಬರುತ್ತದೆ, ನಾಲ್ಕೇ ಸಾಕು. ಒಂದೇ ಬೈಟ್ ಕಡಿದರೆ 41 ಮಿಲಿಸೆಕೆಂಡ್ ಉಳಿಯಿತು. ಆದರೆ 19ರಿಂದ 15ಕ್ಕೆ ಇಳಿಸಿದರೆ ಏನೂ ಉಳಿಯುವುದಿಲ್ಲ. ಮುಂದಿನ ಮೆಟ್ಟಿಲು ಇಳಿಯುವುದು 14ಕ್ಕೆ. ಆದ್ದರಿಂದ ಗಾಳಿಯಲ್ಲಿರುವ ಸಮಯವನ್ನು ಬೈಟಿಗಿಷ್ಟು ಎಂದು ಗುಣಿಸಿ ಹಾಕಬಾರದು, ಮೇಲ್ಮುಖ ಪೂರ್ಣಾಂಕದ ಸಮೇತ ಸೂತ್ರವನ್ನೇ ಬರೆಯಬೇಕು. ಈ ಪ್ರಕರಣದಲ್ಲಿ 20 ಬೈಟನ್ನೇ ಇಟ್ಟುಕೊಂಡು, ಕಷ್ಟದ ಕಡೆಯಿಂದಲೇ ಲೆಕ್ಕ ಹಾಕಿದೆ.

ಕೋಡಿನ ಹೊಟ್ಟೆ

ಗಡಿಯಾರವನ್ನು ಮಿಲಿಸೆಕೆಂಡ್ ಮಿಲಿಸೆಕೆಂಡ್ ಮುಂದೆ ತಳ್ಳುವ ಅಗತ್ಯವಿಲ್ಲ. ಘಟನೆಯಿಂದ ಘಟನೆಗೆ ಹಾರಿದರೆ ಸಾಕು. ಪೈಥಾನ್‌ನಲ್ಲಿ ಹೀಪ್‌ಕ್ಯೂ (ಮೊದಲು ನಡೆಯಬೇಕಾದ ಘಟನೆಯನ್ನು ತಲೆಯಲ್ಲಿಡುವ ಕ್ಯೂ) ಒಂದಿದ್ದರೆ ಇಡೀ ಯಂತ್ರ ನೂರೈವತ್ತು ಸಾಲಿನಲ್ಲಿ ಮುಗಿಯುತ್ತದೆ. ಘಟನೆಗಳನ್ನು ಓಡಿಸಲೆಂದೇ ಇರುವ ಸಿಮ್‌ಪೈ ಲೈಬ್ರರಿ ಬಳಸಿದರೆ ಇನ್ನೂ ಚಿಕ್ಕದಾಗುತ್ತದೆ. ಎನ್‌ಎಸ್-3ರಂಥ ದೊಡ್ಡ ಜಾಲ-ಸಿಮ್ಯುಲೇಟರ್ ಕೂಡ ಇದೆ, ಆದರೆ ಒಂದು ಚಾನೆಲ್, ಒಂದು ರಿಸೀವರ್‌ಗೆ ಅದು ಬೇಕಿಲ್ಲ. ನಿಯಮಗಳು ಕಣ್ಣ ಮುಂದೆ ಇರುವುದೇ ಇಲ್ಲಿ ಹೆಚ್ಚು ಬೆಲೆಯದ್ದು. ತಿರುಳು ಹೀಗಿರುತ್ತದೆ:

ಕ್ಯೂ ಖಾಲಿಯಾಗುವ ತನಕ:
    (ಸಮಯ, ಆದ್ಯತೆ, ಕ್ರಮಸಂಖ್ಯೆ, ಘಟನೆ) ← ಕ್ಯೂವಿನ ತಲೆಯಿಂದ ತೆಗೆ
    ಘಟನೆ "ಮುಗಿಯಿತು" ಆಗಿದ್ದರೆ:
        ಗಾಳಿಯಲ್ಲಿರುವವರ ಪಟ್ಟಿಯಿಂದ ಫ್ರೇಮನ್ನು ತೆಗೆ
        ಕೆಟ್ಟ ಗುರುತಿಲ್ಲದೆ, ಬಲವೂ ಮಿತಿಗಿಂತ ಮೇಲಿದ್ದರೆ: ತಲುಪಿತು
    ಘಟನೆ "ಶುರುವಾಯಿತು" ಆಗಿದ್ದರೆ:
        ಪಟ್ಟಿಯ ಪ್ರತಿ ಫ್ರೇಮಿನ ಜೊತೆ ಹೋಲಿಸು, ಸೋತದ್ದಕ್ಕೆ ಕೆಟ್ಟ ಗುರುತು ಹಾಕು
        ಪಟ್ಟಿಗೆ ಸೇರಿಸು
        "ಮುಗಿಯಿತು" ಘಟನೆಯನ್ನು ಸಮಯ + 3,70,688 ಮೈಕ್ರೋಸೆಕೆಂಡಿಗೆ ಕ್ಯೂಗೆ ಹಾಕು

ನಾಲ್ಕು ಕಲಮುಗಳ ಆ ಮೊದಲ ಸಾಲಿನಲ್ಲಿ ಎರಡು ಗುಂಡಿಗಳು ಮುಚ್ಚಿವೆ. ಕ್ರಮಸಂಖ್ಯೆ ಇಲ್ಲದಿದ್ದರೆ, ಎರಡು ಘಟನೆಗಳ ಸಮಯ ಒಂದೇ ಆದಾಗ ಹೀಪ್‌ಕ್ಯೂ ಘಟನೆಗಳನ್ನೇ ಹೋಲಿಸಲು ಹೋಗಿ ದೋಷ ಎಸೆಯುತ್ತದೆ. ಮೂರು ದಿನದ ಮಳೆ ಓಡಿಸುವಾಗ ಎರಡನೇ ದಿನದ ನಡುವೆ ಬೀಳುವಂಥ ದೋಷ ಇದು. ಆದ್ಯತೆ ಇರುವುದು, ಒಂದೇ ಕ್ಷಣದಲ್ಲಿ ಒಂದು ಫ್ರೇಮ್ ಮುಗಿದು ಇನ್ನೊಂದು ಶುರುವಾದರೆ ಮುಗಿದದ್ದನ್ನು ಮೊದಲು ತೆಗೆಯಲು. ಇಲ್ಲವಾದರೆ ಆಗದ ಡಿಕ್ಕಿಯನ್ನು ಆಯಿತೆಂದು ಎಣಿಸಿದಂತಾಗುತ್ತದೆ. ಸಮಯವನ್ನು ದಶಮಾಂಶದಲ್ಲಿ ಇಡದೆ ಮೈಕ್ರೋಸೆಕೆಂಡಿನ ಪೂರ್ಣಾಂಕದಲ್ಲಿ ಇಟ್ಟರೆ "ಒಂದೇ ಕ್ಷಣ" ಎಂಬ ಮಾತಿಗೆ ಅರ್ಥ ಇರುತ್ತದೆ.

ಯಾದೃಚ್ಛಿಕ ಸಂಖ್ಯೆಗಳ ಸೀಡ್, ಅಂದರೆ ಆ ಸರಣಿ ಶುರುವಾಗುವ ಅಂಕಿ, ಪ್ರತಿ ಕೇಂದ್ರಕ್ಕೂ ಬೇರೆ ಇರಲಿ. ಎಲ್ಲ ಕೇಂದ್ರಗಳೂ ಒಂದೇ ಧಾರೆಯಿಂದ ಸಂಖ್ಯೆ ಎತ್ತಿಕೊಂಡರೆ, 25ನೇ ಕೇಂದ್ರ ಸೇರಿಸಿದ ಕೂಡಲೇ ಉಳಿದ 24ರ ವರ್ತನೆಯೂ ಬದಲಾಗುತ್ತದೆ. ವ್ಯತ್ಯಾಸ ಯಾವುದರಿಂದ ಬಂತೆಂದು ಹೇಳಲಾಗುವುದಿಲ್ಲ.

ಗುಡ್ಡ, ಮರ, ಮಳೆ ಸೇರಿಸುವ ಮೊದಲು ಮೂರು ಪರೀಕ್ಷೆ ಕಡ್ಡಾಯ. ಒಂದೇ ಕೇಂದ್ರ ಇದ್ದರೆ ಒಂದು ಫ್ರೇಮೂ ಕಳೆಯಬಾರದು. ಸಮಬಲದ ಎರಡು ಕೇಂದ್ರಗಳನ್ನು ಬೇಕೆಂದೇ 10 ಮಿಲಿಸೆಕೆಂಡ್ ಅಂತರದಲ್ಲಿ ಕಳಿಸಿದರೆ ಎರಡೂ ಕಳೆಯಬೇಕು. ಮೂರನೆಯದು ಹಳೆಯ ಅಲೋಹ ಲೆಕ್ಕ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ತಂಡ 1971ರಲ್ಲಿ ದ್ವೀಪಗಳ ನಡುವೆ ರೇಡಿಯೋದಲ್ಲಿ ಕಂಪ್ಯೂಟರ್ ಜಾಲ ನಡೆಸಿದಾಗ ಹುಟ್ಟಿದ ಲೆಕ್ಕ ಇದು: ಯಾರೂ ಯಾರನ್ನೂ ಕೇಳದೆ ಮನಬಂದಾಗ ಕಳಿಸಿದರೆ, ಚಾನೆಲ್‌ನ ಮೇಲೆ ಬೀಳುವ ಹೊರೆ (ಒಂದು ಫ್ರೇಮಿನ ಅವಧಿಯಲ್ಲಿ ಸರಾಸರಿ ಎಷ್ಟು ಫ್ರೇಮ್ ಹೊರಡುತ್ತವೆ ಎಂಬುದು) 0.5 ಇದ್ದಾಗ ಗರಿಷ್ಠ, ಆಗಲೂ ಚಾನೆಲ್‌ನ ಸಮಯದಲ್ಲಿ ಸರಿಯಾಗಿ ತಲುಪಿದ ಫ್ರೇಮುಗಳ ಪಾಲು ಶೇ. 18.4 ಮಾತ್ರ. ಇನ್ನೂರು ಸಮಬಲದ ಕೇಂದ್ರಗಳನ್ನು ಪಾಯ್ಸಾನ್ ಅಂತರದಲ್ಲಿ, ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ ಯಾದೃಚ್ಛಿಕ ಅಂತರದಲ್ಲಿ ಕಳಿಸಿ, ಹೊರೆ ಏರಿಸುತ್ತ ನಕ್ಷೆ ಬಿಡಿಸಿದರೆ ಶಿಖರ ಅಲ್ಲೇ ಬರಬೇಕು. ಶೇ. 36.8ರ ಹತ್ತಿರ ಬಂದರೆ, ಎಲ್ಲೋ ಫ್ರೇಮ್ ಶುರುವಾದ ಮೇಲೆ ಬಂದವನನ್ನು ಮಾತ್ರ ನೋಡಿ, ಮೊದಲೇ ಗಾಳಿಯಲ್ಲಿದ್ದವನನ್ನು ಬಿಟ್ಟಿದ್ದೀರಿ.

ಗುಡ್ಡ ಮತ್ತು ತೋಟ

ಅಡ್ಡಿಯೇ ಇಲ್ಲದ ಬಯಲಿನಲ್ಲಿ 866 ಮೆಗಾಹರ್ಟ್ಸ್ ಅಲೆ 8 ಕಿ.ಮೀ.ಗೆ 109.3 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಕಳಿಸುವ 14 ಡಿಬಿಎಂ, ಎರಡೂ ಕಡೆಯ ಆಂಟೆನಾಗಳ ಗಳಿಕೆ 2 + 2 ಸೇರಿಸಿದರೆ ರಿಸೀವರಿಗೆ ಬರುವುದು −91.3 ಡಿಬಿಎಂ. ಎಸ್‌ಎಫ್10ಕ್ಕೆ −132 ತನಕ ಸಾಕು. 125 ಕಿಲೋಹರ್ಟ್ಸ್‌ನ ಉಷ್ಣ ಗದ್ದಲ −123, ರಿಸೀವರಿನ ಸ್ವಂತ ಗದ್ದಲ 6, ಅದರ ಕೆಳಗೆ 15 ಡೆಸಿಬೆಲ್ ತನಕ ಎಸ್‌ಎಫ್10 ಕೇಳಬಲ್ಲದು. ಹಾಗೆ ಬಂದದ್ದು ಆ ಮಿತಿ. ಅಂದರೆ 40 ಡೆಸಿಬೆಲ್ ಜೇಬಿನಲ್ಲಿದೆ. ಬಯಲುಸೀಮೆಯವರಿಗೆ ಇಲ್ಲಿಗೇ ಕೆಲಸ ಮುಗಿಯಿತು. ಮಲೆನಾಡಿನಲ್ಲಿ ಈ 40ನ್ನು ತಿನ್ನುವವು ಎರಡು.

ಮೊದಲನೆಯದು ಗುಡ್ಡದ ಏಣು. ಕೇಂದ್ರದಿಂದ 2 ಕಿ.ಮೀ., ರಿಸೀವರಿನಿಂದ 6 ಕಿ.ಮೀ. ದೂರದಲ್ಲಿ ಒಂದು ಏಣು ನೇರ ಗೆರೆಗಿಂತ 60 ಮೀಟರ್ ಮೇಲೆ ಎದ್ದಿದೆ ಎನ್ನಿ. ಚಾಕುವಿನಂಚಿನ ವಿವರ್ತನೆಯ (ಅಲೆ ಅಂಚಿನ ಮೇಲಿಂದ ಬಾಗಿ ಹೋಗುವ) ಸೂತ್ರದಲ್ಲಿ ಹಾಕಿದರೆ 24.3 ಡೆಸಿಬೆಲ್ ನಷ್ಟ. ಏಣು ಗೆರೆಯನ್ನು ಬರೀ ಮುಟ್ಟಿಕೊಂಡಿದ್ದರೂ 6 ಡೆಸಿಬೆಲ್ ಹೋಗುತ್ತದೆ, ಏಕೆಂದರೆ ಅಲೆಗೆ ಆ ಜಾಗದಲ್ಲಿ ಸುಮಾರು 23 ಮೀಟರ್ ತ್ರಿಜ್ಯದ ಬಯಲು ಬೇಕು. "ಗುಡ್ಡದ ತಲೆ ಇಲ್ಲಿಂದ ಕಾಣುತ್ತದಲ್ಲ" ಎನ್ನುವುದು ರೇಡಿಯೋಗೆ ಸಾಲದು.

ಎರಡನೆಯದು ಎಲೆ. ತೋಟದ ಮರಗಳ ನಡುವೆ ಹಾಯುವ ಅಲೆಗೆ ವೈಸ್‌ಬರ್ಗರ್ ಸೂತ್ರ ಹಾಕಿದರೆ 10 ಮೀಟರ್ ಹಸಿರಿಗೆ 4.3 ಡೆಸಿಬೆಲ್, 100 ಮೀಟರಿಗೆ 19.2. ದೂರ ಹತ್ತು ಪಟ್ಟಾದರೆ ನಷ್ಟವೂ ಹತ್ತು ಪಟ್ಟಾಗುವುದಿಲ್ಲ. ಆ ಸೂತ್ರವೇ 400 ಮೀಟರಿನಾಚೆಗೆ ಅನ್ವಯಿಸುವುದಿಲ್ಲ, ಅದನ್ನು ಕೋಡ್‌ನಲ್ಲಿ ಮಿತಿಯಾಗಿ ಬರೆದಿಡಬೇಕು.

ಈಗ 17ನೇ ಕೇಂದ್ರವನ್ನು ನೋಡಿ. 8 ಕಿ.ಮೀ. ದೂರ, ಮೇಲಿನ ಏಣು ನಡುವೆ, ಮಾಪಕದ ಪಕ್ಕದಲ್ಲೇ ಕಂಬ, ರಿಸೀವರ್ ಕಡೆಗೆ 100 ಮೀಟರ್ ಅಡಿಕೆ ತೋಟ. −91.3ರಿಂದ 24.3 ಮತ್ತು 19.2 ಕಳೆದರೆ −134.8. ಎಸ್‌ಎಫ್10ಕ್ಕೆ ಕೇಳದು. ಎಸ್‌ಎಫ್12ರ ಮಿತಿ −137, ಹಾಗಾಗಿ ಅದರಲ್ಲಿ ಕಷ್ಟಪಟ್ಟು ಕೇಳಿಸುತ್ತದೆ. ಸಾಮಾನ್ಯವಾಗಿ ಇಲ್ಲಿ ಮಾಡುವ ತಪ್ಪೆಂದರೆ ಒಂದು ಕೇಂದ್ರ ಕೇಳಿಸಲಿಲ್ಲವೆಂದು ಎಲ್ಲವನ್ನೂ ಎಸ್‌ಎಫ್12ಕ್ಕೆ ಏರಿಸುವುದು. ಪ್ರತಿ ಫ್ರೇಮ್ 3.6 ಪಟ್ಟು ಉದ್ದವಾಯಿತು, ಡಿಕ್ಕಿಯೂ ಅಷ್ಟೇ ಹೆಚ್ಚಿತು. ಆಂಟೆನಾದ ಕಂಬವನ್ನು ತೋಟದ ಆಚೆ ಅಂಚಿಗೆ, ಗದ್ದೆಯ ಮಗ್ಗುಲಿಗೆ ಸರಿಸಿ, ಎಲೆಯ ದಾರಿಯನ್ನು 10 ಮೀಟರಿಗೆ ಇಳಿಸಿದರೆ ಬಲ −119.9 ಆಗುತ್ತದೆ. ಎಸ್‌ಎಫ್10ರಲ್ಲಿ 12 ಡೆಸಿಬೆಲ್ ಮಿಗುತ್ತದೆ. ಮಾಪಕ ಇದ್ದಲ್ಲೇ ಇರಲಿ. ಟಿಪ್ ಎಣಿಸುವ ಎರಡು ತಂತಿಯ ಕೇಬಲನ್ನು ನೂರು ಮೀಟರ್ ಎಳೆದರೆ ಆಯಿತು, ಮಿಂಚಿನ ಕಾಟಕ್ಕೆ ಎರಡೂ ತುದಿಯಲ್ಲಿ ರಕ್ಷಣೆ ಕೊಟ್ಟು.

ಈ ಭಾಗದಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ನೆರಳಿನ ಏರುಪೇರನ್ನು, ಅಂದರೆ ಶ್ಯಾಡೋಯಿಂಗ್ ಅನ್ನು, ಪ್ರತಿ ಫ್ರೇಮಿಗೂ ಹೊಸ ಯಾದೃಚ್ಛಿಕ ಸಂಖ್ಯೆಯಾಗಿ ಎತ್ತುವುದು ಮೊದಲನೆಯದು. ಗುಡ್ಡ ಫ್ರೇಮಿನಿಂದ ಫ್ರೇಮಿಗೆ ಜಾಗ ಬದಲಿಸುವುದಿಲ್ಲ. ಹಾಗೆ ಎತ್ತಿದರೆ ಸತ್ತ ಕೊಂಡಿಯೂ ಅರ್ಧ ಬದುಕಿದಂತೆ ಕಾಣಿಸುತ್ತದೆ, ಸರಾಸರಿ ಚೆನ್ನಾಗಿ ಬರುತ್ತದೆ, ಕಂಬ ನೆಟ್ಟ ಮೇಲೆ ಆ ಕೇಂದ್ರ ಒಂದು ಮಾತೂ ಆಡುವುದಿಲ್ಲ. ಪ್ರತಿ ಜೋಡಿಗೆ ಒಮ್ಮೆ ಎತ್ತಿ, ಹೋಗುವ ದಾರಿಗೂ ಬರುವ ದಾರಿಗೂ ಅದೇ ಬೆಲೆ ಇಡಬೇಕು. ಎರಡನೆಯದು, ಗದ್ದಲದ ಬಲಗಳನ್ನು ಡೆಸಿಬೆಲ್ಲಿನಲ್ಲೇ ಕೂಡಿಸುವುದು. ಮಿಲಿವ್ಯಾಟಿಗೆ ತಿರುಗಿಸಿ ಕೂಡಿ ಮತ್ತೆ ಡೆಸಿಬೆಲ್ಲಿಗೆ ತರಬೇಕು. ಮೂರನೆಯದು ಎತ್ತರದ ನಕ್ಷೆಯದ್ದು. 2000ನೇ ಇಸವಿಯ ಬಾಹ್ಯಾಕಾಶ ನೌಕೆಯ ರಡಾರ್ ನಕ್ಷೆ, ಅಂದರೆ ಎಸ್‌ಆರ್‌ಟಿಎಂ, ಸುಮಾರು 30 ಮೀಟರ್ ಚೌಕಕ್ಕೊಂದು ಎತ್ತರ ಕೊಡುತ್ತದೆ. ದಟ್ಟ ಕಾನಿನಲ್ಲಿ ಅದು ನೆಲವನ್ನಲ್ಲ, ಮರದ ಹಂದರದ ಒಳಗೆಲ್ಲೋ ಒಂದು ಎತ್ತರವನ್ನು ಓದಿರುತ್ತದೆ. ಆ ಏಣಿನ ಮೇಲೆ ಮತ್ತೆ ಮರದ ಎತ್ತರ ಕೂಡಿಸಿದರೆ ಒಂದೇ ಕಾಡಿಗೆ ಎರಡು ಸಲ ದಂಡ ಕಟ್ಟಿದಂತೆ.

ಮಳೆಯನ್ನು ಎಲ್ಲಿ ಇಡಬೇಕು

ಈ ಪ್ರಕರಣದ ಮುಖ್ಯ ಮಾತು ಇದು. ಮಳೆ ಬಂದಾಗ ಸಿಗ್ನಲ್ ಹೋಗುತ್ತದೆ ಎಂಬುದು ನಮ್ಮ ಕಡೆ ಎಲ್ಲರ ಅನುಭವ. ಡಿಶ್ ಟಿವಿಯ ಮಟ್ಟಿಗೆ ಅದು ಸರಿ. ಅದು 10 ಗಿಗಾಹರ್ಟ್ಸ್‌ಗೂ ಮೇಲಿನ ಅಲೆ. ಹಾಗಾಗಿ ಸಿಮ್ಯುಲೇಶನ್ ಬರೆಯುವವರು ಮಳೆಯನ್ನು ದಾರಿಯ ನಷ್ಟದಲ್ಲಿ ಒಂದು ಪದವಾಗಿ ಸೇರಿಸುತ್ತಾರೆ. 1 ಗಿಗಾಹರ್ಟ್ಸ್‌ಗೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸೂತ್ರ ಹಾಕಿ ನೋಡಿ: ಗಂಟೆಗೆ 100 ಮಿ.ಮೀ. ಸುರಿದರೂ 8 ಕಿ.ಮೀ.ಗೆ ಆಗುವ ನಷ್ಟ 0.02 ಡೆಸಿಬೆಲ್. ಲೆಕ್ಕಕ್ಕೇ ಇಲ್ಲ. ನೆನೆದ ಎಲೆಗಳಿಂದ ಒಣ ಎಲೆಗಿಂತ ಹೆಚ್ಚು ನಷ್ಟ ಆಗುತ್ತದೆ, ಅದನ್ನು 0ಯಿಂದ 6 ಡೆಸಿಬೆಲ್ ತನಕ ಬದಲಿಸುತ್ತ ಓಡಿಸಬೇಕು. 12 ಡೆಸಿಬೆಲ್ ಮಿಗಿಸಿಟ್ಟ 17ನೇ ಕೇಂದ್ರ ಅದನ್ನೂ ತಡೆಯುತ್ತದೆ.

ಆದರೂ ಮಳೆ ಈ ಜಾಲವನ್ನು ಕೆಡವುತ್ತದೆ, ಇನ್ನೊಂದು ಬಾಗಿಲಿನಿಂದ ಬಂದು. ಪ್ರತಿ ಟಿಪ್‌ಗೂ ಒಂದು ಫ್ರೇಮ್ ಕಳಿಸುವುದು ಮೊದಲ ವಿನ್ಯಾಸ. ಬೇಸಿಗೆಯಲ್ಲಿ ಕೇಂದ್ರಗಳು 15 ನಿಮಿಷಕ್ಕೊಮ್ಮೆ "ಇದ್ದೇನೆ" ಎನ್ನುತ್ತವೆ ಅಷ್ಟೇ. ಆಗ ಒಂದು ಫ್ರೇಮಿಗೆ ಅಪಾಯದ ಕಿಟಕಿ 2 × 0.371 ಸೆಕೆಂಡ್, ಉಳಿದ 23 ಕೇಂದ್ರಗಳಲ್ಲಿ ಯಾವುದೂ ಆ ಕಿಟಕಿಯಲ್ಲಿ ಬೀಳದಿರುವ ಸಂಭವ ಶೇ. 98. ಇದನ್ನು ನೋಡಿ ಜಾಲ ಗಟ್ಟಿಯಾಗಿದೆ ಎಂದು ಬರೆದುಕೊಟ್ಟರೆ ಆಷಾಢ ಬರುವ ತನಕ ಮಾತ್ರ ಆ ಮಾತು ನಿಲ್ಲುತ್ತದೆ.

ಆಗುಂಬೆಯ ವಾರ್ಷಿಕ ಮಳೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ದಾಖಲಾಗಿದೆ. ಅದನ್ನು 744 ಗಂಟೆಗಳಿಗೆ ಹಂಚಿದರೆ ಗಂಟೆಗೆ 6 ಮಿ.ಮೀ., ಅಂದರೆ ಹಗಲೂ ರಾತ್ರಿ ಎರಡೆರಡು ನಿಮಿಷಕ್ಕೊಂದು ಟಿಪ್, ತಿಂಗಳಿಡೀ. ಆ ದರದಲ್ಲಿ ಫ್ರೇಮ್ ತಲುಪುವ ಸಂಭವ ಶೇ. 87. ಸರಾಸರಿ ಮಳೆ ಎಂಬುದು ಇಲ್ಲ, ಸುರಿಯುವಾಗ ಸುರಿಯುತ್ತದೆ. ಗಂಟೆಗೆ 60 ಮಿ.ಮೀ. ವೇಗದ ಮಳೆಗೆ 12 ಸೆಕೆಂಡಿಗೊಂದು ಟಿಪ್. ಈಗ ಲೆಕ್ಕ: 2 × 0.3707 ÷ 12 = 0.0618. ಒಂದರಿಂದ ಅದನ್ನು ಕಳೆದು 23ನೇ ಘಾತಕ್ಕೆ ಏರಿಸಿದರೆ 0.23. ನೂರಕ್ಕೆ 77 ಫ್ರೇಮ್ ಹೋಯಿತು. ಚಾನೆಲ್ ಮೇಲಿನ ಹೊರೆ 0.74, ಅಲೋಹದ ಶಿಖರವನ್ನು ದಾಟಿ ಆಚೆ ಇಳಿಜಾರಿನಲ್ಲಿ ನಿಂತಿದ್ದೇವೆ. ಯಾವ ಹೊತ್ತಿನ ಅಂಕಿಗಾಗಿ ಈ ಜಾಲ ಕಟ್ಟಿದ್ದೋ ಅದೇ ಹೊತ್ತಿನಲ್ಲಿ ಅದು ಕಿವುಡಾಗುತ್ತದೆ.

ಆದ್ದರಿಂದ ಕೋಡ್‌ನಲ್ಲಿ ಮಳೆ ಇರಬೇಕಾದ ಜಾಗ ದಾರಿಯ ನಷ್ಟವಲ್ಲ, ಫ್ರೇಮ್ ಹುಟ್ಟಿಸುವ ಭಾಗ. ಪ್ರತಿ ಕೇಂದ್ರವೂ ತನ್ನಷ್ಟಕ್ಕೆ ಪಾಯ್ಸಾನ್ ಅಂತರದಲ್ಲಿ ಕಳಿಸುತ್ತದೆ ಎಂಬ ಪಠ್ಯಪುಸ್ತಕದ ಊಹೆ ಇಲ್ಲಿ ಸುಳ್ಳು. ಒಂದೇ ಮೋಡ ಎಲ್ಲರ ಮೇಲೂ ಇದೆ. ಮಳೆಯ ತೀವ್ರತೆಗೆ ಒಂದೇ ಕಾಲಸರಣಿ ಬರೆದು, ಘಟ್ಟದ ಅಂಚಿನಿಂದ ಪ್ರತಿ ಕೇಂದ್ರ ಎಷ್ಟು ಪೂರ್ವಕ್ಕಿದೆಯೋ ಅಷ್ಟು ತಡ ಸೇರಿಸಿ. ಮೋಡ ಗಂಟೆಗೆ 20 ಕಿ.ಮೀ. ಸರಿದರೆ 8 ಕಿ.ಮೀ. ದಾಟಲು 24 ನಿಮಿಷ. ಪ್ರತಿ ಕೇಂದ್ರದಲ್ಲಿ ತೀವ್ರತೆಯನ್ನು ಕೂಡುತ್ತ ಹೋಗಿ, 0.2 ಮುಟ್ಟಿದಾಗ ಟಿಪ್, ಮಿಕ್ಕದ್ದು ಮುಂದಿನ ಬಟ್ಟಲಿಗೆ. ಬಟ್ಟಲುಗಳ ಆರಂಭದ ಮಟ್ಟ ಕೇಂದ್ರದಿಂದ ಕೇಂದ್ರಕ್ಕೆ ಬೇರೆ ಇರಲಿ. ಹೀಗೆ ಓಡಿಸಿದಾಗ ಪಾಯ್ಸಾನ್‌ನಲ್ಲಿ ಕಾಣದ ಒಂದು ರೋಗ ಕಾಣುತ್ತದೆ: ಒಂದೇ ತೀವ್ರತೆಯ ಮಳೆಯಲ್ಲಿ ಎರಡು ಕೇಂದ್ರಗಳ ಟಿಪ್ ಒಮ್ಮೆ ಒಂದರ ಮೇಲೊಂದು ಕೂತರೆ ಹತ್ತಿಪ್ಪತ್ತು ಟಿಪ್ ತನಕ ಹಾಗೇ ಕೂತಿರುತ್ತವೆ. ನಷ್ಟ ಚದುರುವುದಿಲ್ಲ, ಸಾಲಾಗಿ ಬರುತ್ತದೆ. ಶೇಕಡಾವಾರು ಒಂದೇ ಇದ್ದರೂ, ಅರ್ಧ ಗಂಟೆ ಪೂರ್ತಿ ಮೌನವಾದ ಕೇಂದ್ರವೂ ಅಲ್ಲೊಂದು ಇಲ್ಲೊಂದು ಫ್ರೇಮ್ ಬಿಟ್ಟ ಕೇಂದ್ರವೂ ಬೆಳೆಗಾರನಿಗೆ ಒಂದೇ ಅಲ್ಲ.

ಇನ್ನೂ ಒಂದಿದೆ. ಒಂದು ಕ್ಷಣವನ್ನು ಹತ್ತಿರದಿಂದ ನೋಡಿದರೆ ಲಾಗ್ ಹೀಗಿರುತ್ತದೆ:

08:15:12.400  ಕೇಂದ್ರ 17 ಶುರು, ಬಲ −119.9
08:15:12.690  ಕೇಂದ್ರ 4 ಶುರು, ಬಲ −73.2, 17ಕ್ಕೆ ಕೆಟ್ಟ ಗುರುತು
08:15:12.771  ಕೇಂದ್ರ 17 ಮುಗಿಯಿತು, ತಲುಪಲಿಲ್ಲ
08:15:13.061  ಕೇಂದ್ರ 4 ಮುಗಿಯಿತು

ಹದಿನೇಳು ತನ್ನ ಮಾತಿನ ಮುಕ್ಕಾಲು ಪಾಲು ಆಡಿ ಮುಗಿಸಿತ್ತು. ಕೊನೆಯ 81 ಮಿಲಿಸೆಕೆಂಡ್, ಹತ್ತು ಸಂಕೇತ, ಒಂದು ಕಿ.ಮೀ. ದೂರದ ನಾಲ್ಕನೇ ಕೇಂದ್ರ 47 ಡೆಸಿಬೆಲ್ ಜೋರಾಗಿ ಅದರ ಮೇಲೆ ಮಾತಾಡಿತು. 6 ಡೆಸಿಬೆಲ್ ಜೋರಿದ್ದವನು ಗೆಲ್ಲುತ್ತಾನೆ ಎಂಬ ನಿಯಮವನ್ನು ಕೋಡಿಗೆ ಹಾಕಿದ ಕೂಡಲೇ ಸರಾಸರಿ ಸುಧಾರಿಸುತ್ತದೆ. ಹತ್ತಿರದವರೆಲ್ಲ ಡಿಕ್ಕಿಯಲ್ಲೂ ಉಳಿಯುತ್ತಾರೆ. ಎಲ್ಲರಿಗಿಂತ ದುರ್ಬಲನಾದ 17ಕ್ಕೆ ಅದರಿಂದ ನಯಾಪೈಸೆ ಲಾಭವಿಲ್ಲ. ಅದರದ್ದು ಮೊದಲಿನ ಶೇ. 23. ದೂರದ ಕೇಂದ್ರ ಇರುವುದು ಘಟ್ಟದ ಅಂಚಿನಲ್ಲಿ, ಮಳೆ ಹೆಚ್ಚು ಬೀಳುವುದೂ ಅಲ್ಲೇ. ಹಾಗಾಗಿ ಸರಾಸರಿ ಮುದ್ರಿಸುವ ಸಿಮ್ಯುಲೇಶನ್ ಈ ನೆಲಕ್ಕೆ ಬೇಡ, 24 ಸಾಲಿನ ಪಟ್ಟಿ ಬೇಕು. ಲಾಗಿನ ಕೊನೆಯ ಸಾಲಿನಲ್ಲಿ ನಾಲ್ಕರ ಗತಿ ಬರೆದಿಲ್ಲದಿರುವುದಕ್ಕೂ ಕಾರಣವಿದೆ. ಒಂದೇ ಚಿಪ್‌ನ ರಿಸೀವರ್ 17ರ ಫ್ರೇಮಿಗೆ ಕಿವಿಕೊಟ್ಟು ಕೂತಿರುವಾಗ ಬಂದ ನಾಲ್ಕನ್ನು ಹಿಡಿಯದೆ ಎರಡನ್ನೂ ಕಳೆಯಬಹುದು. "ಜೋರಾದದ್ದಕ್ಕೆ ಹೊರಳುತ್ತದೆ", "ಹೊರಳುವುದಿಲ್ಲ" ಎರಡನ್ನೂ ಆಯ್ಕೆಯಾಗಿ ಇಟ್ಟು ಓಡಿಸಿ, ಕೆಟ್ಟ ಉತ್ತರವನ್ನು ನಂಬಬೇಕು.

ಕೈಗೆ ಸಿಗುವ ಮದ್ದುಗಳು ಏಕೆ ಸಾಲವು

ಕೇಳಿ ಕಳಿಸು, ಗಾಳಿ ಖಾಲಿ ಇದ್ದರೆ ಮಾತ್ರ ಮಾತಾಡು: ಇದು ಎಲ್ಲರಿಗೂ ಮೊದಲು ಹೊಳೆಯುವುದು. ಆದರೆ ಏಣಿನ ಆಚೀಚೆ ಇರುವ ಎರಡು ಕೇಂದ್ರಗಳು ಗುಡ್ಡದ ತಲೆಯ ರಿಸೀವರನ್ನು ನೋಡುತ್ತವೆ, ಒಂದನ್ನೊಂದು ನೋಡುವುದಿಲ್ಲ. ಪ್ರತಿ ಕೇಂದ್ರಕ್ಕೆ 23ರಲ್ಲಿ 8 ಮಾತ್ರ ಕೇಳಿಸುತ್ತವೆ ಎಂದಿಟ್ಟುಕೊಂಡರೆ, ಕೇಳಿಸದ 15ರ ಡಿಕ್ಕಿ ಹಾಗೇ ಉಳಿಯಿತು; ಗಂಟೆಗೆ 60 ಮಿ.ಮೀ. ಮಳೆಯಲ್ಲಿ ಯಶಸ್ಸು ಹೆಚ್ಚೆಂದರೆ ಶೇ. 38. ಕೋಡ್‌ನಲ್ಲಿ ಎಲ್ಲರಿಗೂ ಎಲ್ಲರೂ ಕೇಳಿಸುತ್ತಾರೆಂದು ಬರೆದಿದ್ದರೆ ಇದೇ ಮದ್ದು ಅದ್ಭುತವಾಗಿ ಕಾಣುತ್ತದೆ. 24 × 24ರ ನಷ್ಟದ ಕೋಷ್ಟಕ ಇರಬೇಕು, ಬರೀ ರಿಸೀವರ್ ಕಡೆಯ 24 ಅಂಕಿ ಸಾಲದು.

ಸ್ವೀಕೃತಿ ಕೇಳಿ, ಬರದಿದ್ದರೆ ಮತ್ತೆ ಕಳಿಸುವುದು ಇನ್ನೂ ಕೆಟ್ಟದ್ದು. ಶೇ. 23 ಯಶಸ್ಸಿನಲ್ಲಿ ಒಂದು ಫ್ರೇಮಿಗೆ ನಾಲ್ಕಕ್ಕೂ ಹೆಚ್ಚು ಪ್ರಯತ್ನ ಬೇಕು. ಆ ಪ್ರಯತ್ನಗಳೇ ಹೊರೆಯಾಗಿ ಯಶಸ್ಸನ್ನು ಇನ್ನಷ್ಟು ಇಳಿಸುತ್ತವೆ. ಅಲ್ಲದೆ ರಿಸೀವರ್ ಸ್ವೀಕೃತಿ ಕಳಿಸುತ್ತಿರುವಾಗ ಅದಕ್ಕೆ ಏನೂ ಕೇಳಿಸದು. ಈ ಅರ್ಧಮುಖಿ ಗುಣವನ್ನು ಕೋಡ್‌ನಲ್ಲಿ ಮರೆತವರು ಬಹಳ.

ನಿಲ್ಲುವ ವಿನ್ಯಾಸ

ಮೊದಲ ಬದಲಾವಣೆಗೆ ರೇಡಿಯೋ ಬೇಕಿಲ್ಲ. "ಒಂದು ಟಿಪ್ ಆಯಿತು" ಎಂದು ಕಳಿಸುವ ಬದಲು "ಈ ತನಕ ಒಟ್ಟು ಇಷ್ಟು ಟಿಪ್" ಎಂದು ಕಳಿಸುವುದು. ಎರಡು ಬೈಟಿನ ಎಣಿಕೆ 65,535 ತನಕ ಹೋಗುತ್ತದೆ, 0.2ರಿಂದ ಗುಣಿಸಿದರೆ 13,107 ಮಿ.ಮೀ. ಆಗುಂಬೆಯ ಸರಾಸರಿ ವರ್ಷದ ಮಳೆ ಎರಡು ಬೈಟಿನಲ್ಲಿ ಕೂತು ಇನ್ನೂ ಜಾಗ ಉಳಿಯುತ್ತದೆ. ಈಗ ಕಳೆದ ಫ್ರೇಮ್ ಮಳೆಯನ್ನು ಕಳೆಯುವುದಿಲ್ಲ, ಸುದ್ದಿಯನ್ನು ಒಂದು ನಿಮಿಷ ತಡಮಾಡುತ್ತದೆ ಅಷ್ಟೇ. ಎಣಿಕೆಯನ್ನು ಕರೆಂಟ್ ಹೋದರೂ ಉಳಿಯುವ ಮೆಮೊರಿಯಲ್ಲಿ ಇಡಬೇಕು. ಇಲ್ಲವಾದರೆ ಬ್ಯಾಟರಿ ಬದಲಿಸಿದ ದಿನ ಮಳೆ ಋಣಾತ್ಮಕವಾಗಿ ಬರುತ್ತದೆ.

ಎರಡನೆಯದು ಸರದಿ. ನಿಮಿಷವನ್ನು 24 ಭಾಗ ಮಾಡಿದರೆ ತಲಾ 2.5 ಸೆಕೆಂಡ್; ಮಳೆ ಇದ್ದಾಗ ಪ್ರತಿ ಕೇಂದ್ರ ನಿಮಿಷಕ್ಕೊಮ್ಮೆ ತನ್ನ ಸರದಿಯಲ್ಲಿ ಮಾತ್ರ ಮಾತಾಡುತ್ತದೆ. ಫ್ರೇಮ್ 0.37 ಸೆಕೆಂಡ್ ತಿಂದು 2.13 ಸೆಕೆಂಡ್ ಕಾವಲು ಉಳಿಯುತ್ತದೆ. ಸರದಿ ಇಲ್ಲದೆ ನಿಮಿಷಕ್ಕೊಮ್ಮೆ ಮನಬಂದಂತೆ ಕಳಿಸಿದ್ದರೆ ಶೇ. 75 ತಲುಪುತ್ತಿತ್ತು, ಸರದಿಯಲ್ಲಿ, ಗಡಿಯಾರ ಸರಿ ಇರುವ ತನಕ, ಡಿಕ್ಕಿಯೇ ಇಲ್ಲ.

"ಗಡಿಯಾರ ಸರಿ ಇರುವ ತನಕ" ಎಂಬುದನ್ನೂ ಓಡಿಸಿಯೇ ನೋಡಬೇಕು. ಪ್ರತಿ ಕೇಂದ್ರಕ್ಕೆ ಒಂದು ಸ್ಥಿರ ಜಾರುವಿಕೆ ಕೊಡಿ. ಡಿಎಸ್3231 ಗಡಿಯಾರ ಚಿಪ್ ದಶಲಕ್ಷಕ್ಕೆ 2ರಷ್ಟು ಹೆಚ್ಚುಕಡಿಮೆ, ಅಂದರೆ ದಿನಕ್ಕೆ 0.17 ಸೆಕೆಂಡ್. ಒಂದು ಮುಂದೆ, ಪಕ್ಕದ ಸರದಿಯದ್ದು ಹಿಂದೆ ಜಾರಿದರೆ ದಿನಕ್ಕೆ 0.35; ಕಾವಲು ಮುಗಿಯಲು ಆರು ದಿನ. ದಶಲಕ್ಷಕ್ಕೆ 20 ಜಾರುವ ಅಗ್ಗದ ಹರಳಿನಲ್ಲಿ ಅದೇ ಕಾವಲು ಹದಿನೈದು ಗಂಟೆಯಲ್ಲಿ ಮುಗಿಯುತ್ತದೆ. ಇಲ್ಲಿ ಹಣ ಉಳಿಸಬಾರದು. ಎಲ್ಲ ಕೇಂದ್ರಗಳೂ ಗಂಟೆಯ 0, 15, 30, 45ನೇ ನಿಮಿಷಕ್ಕೆ ಸರಿಯಾಗಿ ಏಳುವಂತೆ ಬರೆಯುವುದು ಈ ಗಡಿಯಾರದ ಇನ್ನೊಂದು ಅಪಾಯ. ಗಡಿಯಾರ ಒಳ್ಳೆಯದಾದಷ್ಟೂ ಎಲ್ಲರೂ ಒಂದೇ ಬಾಯಿಗೆ ಮಾತಾಡುತ್ತಾರೆ. ಎರಡು ಸೆಕೆಂಡಿನೊಳಗೆ 24 ಫ್ರೇಮ್ ಎದ್ದರೆ ಒಂದೂ ಉಳಿಯುವುದು ಅಪರೂಪ. ಬೇಸಿಗೆಯ "ಇದ್ದೇನೆ" ಫ್ರೇಮಿಗೂ ಸರದಿಯನ್ನೇ ಬಳಸಬೇಕು.

ರಿಸೀವರ್ ದಿನಕ್ಕೊಮ್ಮೆ ಸಮಯದ ಕರೆ ಕೊಡುತ್ತದೆ. ಕೇಂದ್ರ ಅರ್ಧ ಸೆಕೆಂಡ್ ಮೊದಲೇ ಕಿವಿ ತೆರೆದಿರಬೇಕು, ಒಂದು ದಿನ ತಪ್ಪಿದರೆ ಮಾರನೇ ದಿನ ಇನ್ನಷ್ಟು ಮೊದಲು. ಐದು ದಿನ ಕರೆ ಕೇಳದ ಕೇಂದ್ರ ಸರದಿ ಬಿಟ್ಟು, 15 ನಿಮಿಷಕ್ಕೊಮ್ಮೆ ಯಾವುದೋ ಕ್ಷಣದಲ್ಲಿ ಕಳಿಸಲಿ. ಎಲ್ಲ ಸರದಿಗಳೂ ತುಂಬಿರುವಾಗ ಅದರ ಫ್ರೇಮ್ ಇನ್ನೊಬ್ಬರ ಮೇಲೆ ಬೀಳುವ ಸಂಭವ 0.74 ÷ 2.5, ಶೇ. 30ರ ಹತ್ತಿರ. ಹತ್ತರಲ್ಲಿ ಏಳು ತಲುಪುತ್ತವೆ, ಒಟ್ಟು ಎಣಿಕೆ ಇರುವುದರಿಂದ ಮಳೆಯ ಲೆಕ್ಕ ತಪ್ಪುವುದಿಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ಆ ಕೇಂದ್ರದ ಹೆಸರು ಕೆಂಪಾಗುತ್ತದೆ, ಯಾರಾದರೂ ಹೋಗಿ ಆಂಟೆನಾಕ್ಕೆ ಬಿದ್ದ ಸೋಗೆ ತೆಗೆಯುತ್ತಾರೆ.

ಈ ಕೊನೆಯ ಸ್ಥಿತಿಯನ್ನೂ ಸಿಮ್ಯುಲೇಶನ್‌ಗೆ ಹಾಕಿ ಮೂವತ್ತು ಬೇರೆ ಸೀಡ್‌ಗಳಲ್ಲಿ ಓಡಿಸಬೇಕು: ಗಂಟೆಗೆ 60 ಮಿ.ಮೀ. ಮಳೆ, ಎರಡು ಗಂಟೆ, ಘಟ್ಟದ ಅಂಚಿನ ಮೂರು ಕೇಂದ್ರಗಳು ಕರೆ ಕಳೆದುಕೊಂಡಿವೆ, ಎಲೆಗಳು ನೆನೆದು 6 ಡೆಸಿಬೆಲ್ ಹೆಚ್ಚು ತಿನ್ನುತ್ತಿವೆ. ಮುದ್ರಿಸಬೇಕಾದದ್ದು ಎರಡೇ ಕಲಮು: ಪ್ರತಿ ಕೇಂದ್ರದ ಅತಿ ಉದ್ದದ ಮೌನ ಎಷ್ಟು ನಿಮಿಷ, ಎರಡು ಗಂಟೆಯ ಕೊನೆಗೆ ರಿಸೀವರಿನ ಲೆಕ್ಕಕ್ಕೂ ಬಟ್ಟಲಿನ ಲೆಕ್ಕಕ್ಕೂ ಎಷ್ಟು ಟಿಪ್ ವ್ಯತ್ಯಾಸ. ಸರದಿಯಲ್ಲಿರುವ 21 ಕೇಂದ್ರಗಳಿಗೆ ಮೊದಲನೆಯದು ಬಹುಪಾಲು ಒಂದೆರಡು ನಿಮಿಷ, ಎರಡನೆಯದು ಐದು ಹತ್ತು ಟಿಪ್‌ನೊಳಗೆ ಇರಬೇಕು. ಕರೆ ಕಳೆದುಕೊಂಡ ಮೂರಕ್ಕೆ ಮೌನ ಅರ್ಧ ಗಂಟೆ, ಒಮ್ಮೊಮ್ಮೆ ಮುಕ್ಕಾಲು ಗಂಟೆ ಮುಟ್ಟುತ್ತದೆ. ಅದಕ್ಕಿಂತ ಹೆಚ್ಚು ತೋರಿಸುವ ಕೇಂದ್ರದ ಕಂಬವನ್ನು ನೆಡುವ ಮೊದಲೇ ನಕ್ಷೆಯಲ್ಲಿ ಸರಿಸಿ, ಮತ್ತೆ ಓಡಿಸಬೇಕು.